ಹಿಂದಿನ ಡಿಫರೆನ್ಶಿಯಲ್‌ಗೆ ಯಾವ ಎಣ್ಣೆ

ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದು ಕೊನೆಯ ಬಾರಿ ಕಾಣಿಸಿಕೊಂಡದ್ದು ಅವನ ಮದುವೆಯ ಪತ್ರಿಕೆಯಲ್ಲಿ. ಆಮೇಲೆ ಅವನು ಎಲ್ಲರಿಗೂ ಮೂಗುಮೇಸ್ತ್ರಿ. ಹಾಗಂತ ಮೂಗೇನೂ ದೊಡ್ಡದಲ್ಲ. ಗಾಡಿಯಿಂದ ಇಳಿಸಿದ ಹಳೇ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಗಿಗೆ ಹಿಡಿದು, ಇದು ಗೇರ್‌ಬಾಕ್ಸಿನದು, ಇದು ಡಿಫರೆನ್ಶಿಯಲ್ಲಿನದು, ಇದಕ್ಕೆ ನೀರು ಸೇರಿದೆ, ಇದನ್ನು ಯಾರೋ ತಲೆ ಇಲ್ಲದವನು ಬೆರೆಸಿದ್ದಾನೆ ಎಂದು ಹೇಳಿಬಿಡುತ್ತಿದ್ದ. ಮೂವತ್ತು ವರ್ಷದಲ್ಲಿ ಅವನ ಮಾತು ಸುಳ್ಳಾದದ್ದು ಕಡಿಮೆ. ಸುಳ್ಳಾದಾಗ ತಪ್ಪು ಎಣ್ಣೆಯದು.

ಇಂಥ ಮನುಷ್ಯನ ಗ್ಯಾರೇಜಿನ ಎದುರಿಗೇ ಒಂದು ಎಣ್ಣೆ ಅಂಗಡಿ ತೆರೆದರೆ ಹೇಗಾಗಬೇಡ? ಅದೂ ಪರರದಲ್ಲ, ಸ್ವಂತ ನಾದಿನಿಯದು. ಹೆಂಡತಿಯ ತಂಗಿ. ಅವನ ಮದುವೆಯ ದಿನ ಇನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದವಳು. ಹದಿನಾರು ವರ್ಷ ಎಣ್ಣೆಯ ಗೋದಾಮಿನಲ್ಲಿ ದುಡಿದು, ಯಾವ ಗಾಡಿಗೆ ಯಾವ ಎಣ್ಣೆ ಎಂಬುದನ್ನು ಅರೆದು ಕುಡಿದು ಬಂದಿದ್ದಳು. ಮೊದಮೊದಲು ಬರೀ ಡಬ್ಬಿ ಮಾರಿದಳು. ಆಮೇಲೆ ಅಂಗಡಿಯ ಹಿಂದೆ ಗಾಡಿ ನಿಲ್ಲಿಸುವ ಜಾಗ ಮಾಡಿಕೊಂಡು ಎಣ್ಣೆ ಬದಲಿಸುವ ಕೆಲಸಕ್ಕೂ ಕೈ ಹಾಕಿದಳು. "ಭಾವ, ನೆಲಕ್ಕೆ ಇಳಿಜಾರು ಎಷ್ಟು ಬಿಡಲಿ?" ಎಂದು ಕೇಳಿಕೊಂಡು ಬಂದಾಗ ಅಳತೆ ಹೇಳಿಕೊಟ್ಟವನು ಮೇಸ್ತ್ರಿಯೇ. ಆಗ ಅವನಿಗೆ ಹೆಮ್ಮೆಯಾಗಿತ್ತು. ಹೆಮ್ಮೆ ಮೂರು ತಿಂಗಳು ಬಾಳಿತು.

ಅವನ ಹತ್ತಿರ ಬಂದವರು ಅವನು ಹೇಳಿದ್ದನ್ನು ಕೇಳಿಕೊಂಡು ಹೋಗುತ್ತಿದ್ದರು. ಅವಳು ಹಾಗಲ್ಲ, ಕೂರಿಸಿ ವಿವರಿಸುತ್ತಿದ್ದಳು. ಎಡಬಲ ಚಕ್ರಗಳ ನಡುವೆ ಕೂತು ಎರಡಕ್ಕೂ ಎಳೆತ ಹಂಚುವುದು ಡಿಫರೆನ್ಶಿಯಲ್, ಮುಂದಿನದಕ್ಕೆ ಇದು, ಹಿಂದಿನದಕ್ಕೆ ಇದು. ನಡುವೆ ಇರುವ ಟ್ರಾನ್ಸ್‌ಫರ್ ಕೇಸ್ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುತ್ತದೆ, ನಿಮ್ಮ ಗಾಡಿಯ ಕೇಸಿನೊಳಗೆ ಚೈನ್ ಇದೆ, ಅದಕ್ಕೆ ದಪ್ಪ ಎಣ್ಣೆ ಸುರಿದರೆ ಕೆಲಸ ಕೆಡುತ್ತದೆ, ತೆಳುವಾದ ಕೆಂಪು ಎಣ್ಣೆಯೇ ಬೇಕು. ಜನ ತಲೆದೂಗುತ್ತಿದ್ದರು. ಇದೆಲ್ಲ ಮೇಸ್ತ್ರಿಗೆ ಅವಳಿಗಿಂತ ಮೊದಲೇ ಗೊತ್ತಿತ್ತು. ಆದರೆ ಅವನನ್ನು ಯಾರೂ ಹೀಗೆ ಕೂತು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಮನೆಯಲ್ಲಾದರೂ ನೆಮ್ಮದಿ ಇತ್ತೇ? ಹೆಂಡತಿಗೆ ತಂಗಿ ಎಂದರೆ ಪಂಚಪ್ರಾಣ.

"ಎಷ್ಟು ಚೊಕ್ಕವಾಗಿ ಇಟ್ಕೊಂಡಿದ್ದಾಳೆ ನೋಡ್ರೀ. ಅವಳ ಅಂಗಡಿ ನೆಲದ ಮೇಲೆ ಊಟ ಬಡಿಸಬಹುದು."

"ಹಂಗಾದ್ರೆ ಅಲ್ಲೇ ಹೋಗಿ ಬಡಿಸು."

"ನಾನೇನಂದೆ ಅಂತ ಉರ್ಕೊಳ್ತೀರಿ?"

ಉರಿದದ್ದು ನಿಜ. ಅದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರಿದೆ ಎಂಬುದೂ ಅವನಿಗೆ ಗೊತ್ತಿತ್ತು. ಐವತ್ತು ದಾಟಿದವನು, ಮಗಳ ಹಾಗೆ ಕಂಡವಳ ಮೇಲೆ ಕರುಬುವುದು ಅವನಿಗೇ ನಾಚಿಕೆಯ ವಿಷಯ. ಆದರೂ ಎದುರು ಸಾಲಿನಲ್ಲಿ ಗಾಡಿ ನಿಂತ ಸದ್ದಾದರೆ ಸಾಕು, ಸ್ಪ್ಯಾನರ್ ಹಿಡಿದ ಕೈ ನಿಲ್ಲುತ್ತಿತ್ತು, ಕತ್ತು ತಾನಾಗಿ ಆ ಕಡೆ ತಿರುಗುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ದನದ ಡಾಕ್ಟರಮ್ಮನ ಪಿಕಪ್ಪು ಹೋಗಿ ಆ ಅಂಗಡಿಯ ಮುಂದೆ ನಿಂತಿತು.

ಬೇರೆ ಯಾವ ಗಾಡಿ ಹೋಗಿದ್ದರೂ ಅವನು ಸಹಿಸಿಕೊಳ್ಳುತ್ತಿದ್ದನೇನೋ. ಇದು ಹನ್ನೊಂದು ವರ್ಷದಿಂದ ಅವನ ಕೈಯಲ್ಲೇ ಪಳಗಿದ ಗಾಡಿ. ಕೊಟ್ಟಿಗೆಗಳ ದಾರಿಯಲ್ಲಿ, ಕಲ್ಲಿನಲ್ಲಿ, ಕೆಸರಿನಲ್ಲಿ ಓಡುವ ನಾಲ್ಕೂ ಚಕ್ರ ಎಳೆಯುವ ಪಿಕಪ್ಪು. ಏಳು ವರ್ಷದ ಹಿಂದೆ ಬಂಡೆಗೆ ತಾಗಿ ಅದರ ಹಿಂದಿನ ಡಿಫರೆನ್ಶಿಯಲ್ಲಿನ ಹೊರಕವಚ ಸೀಳಿದಾಗ ಮೇಸ್ತ್ರಿ ಗುಜರಿಯಲ್ಲಿ ಮೂರು ದಿನ ಅಲೆದು, ಅದೇ ಜಾತಿಯ ಇನ್ನೊಂದು ಗಾಡಿಯ ಹಿಂದಿನ ಡಿಫರೆನ್ಶಿಯಲ್ಲನ್ನು ಇಡಿಯಾಗಿ ತಂದು ಕೂರಿಸಿದ್ದ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಒಳಗೆ ಮಾತ್ರ ಬೇರೆ. ಒಂದು ಚಕ್ರ ಕೆಸರಿನಲ್ಲಿ ಸುಮ್ಮನೆ ಸುತ್ತಿದರೆ ಇನ್ನೊಂದಕ್ಕೂ ಎಳೆತ ಕೊಡುವ ಪ್ಲೇಟುಗಳು ಅದರಲ್ಲಿದ್ದವು. ಆ ಪ್ಲೇಟುಗಳಿಗೆ ಮಾಮೂಲಿ ತೊಂಬತ್ತು ನಂಬರ್ ಎಣ್ಣೆ ಆಗಿಬರುವುದಿಲ್ಲ, ಅವುಗಳಿಗೆಂದೇ ಮದ್ದು ಬೆರೆಸಿದ ಎಣ್ಣೆ ಬೇಕು. ಇಲ್ಲದಿದ್ದರೆ ತಿರುವಿನಲ್ಲಿ ಗಾಡಿ ನರಳುತ್ತದೆ, ಬರಬರುತ್ತಾ ಪ್ಲೇಟುಗಳೇ ಸುಟ್ಟುಹೋಗುತ್ತವೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಇದು ಇಲ್ಲ. ಡಾಕ್ಟರಮ್ಮನಿಗೂ ಇದರ ವಿವರ ಗೊತ್ತಿಲ್ಲ. ಲೋಕದಲ್ಲಿ ಗೊತ್ತಿದ್ದವನು ಒಬ್ಬನೇ.

ನಾದಿನಿ ಪುಸ್ತಕ ನೋಡಿ ಮಾಮೂಲಿಯನ್ನೇ ಹಾಕುತ್ತಾಳೆ ಎಂದು ಹೊಳೆದ ಕೂಡಲೇ ಮೇಸ್ತ್ರಿಗೆ ಮೈಯೆಲ್ಲ ಹಗುರವಾಯಿತು. ಹಾಕಲಿ. ನಾಡಿದ್ದು ಗಾಡಿ ನರಳಿಕೊಂಡು ತನ್ನ ಬಾಗಿಲಿಗೇ ಬರುತ್ತದೆ. ಆಗ ಗೊತ್ತಾಗುತ್ತದೆ, ಎಣ್ಣೆ ಮಾರುವುದು ಬೇರೆ, ಗಾಡಿಯನ್ನು ಅರಿಯುವುದು ಬೇರೆ ಎಂದು.

ಆದರೂ ಮನಸ್ಸು ತಡೆಯಲಿಲ್ಲ. ಮಧ್ಯಾಹ್ನ ಎಣ್ಣೆ ಹುಯ್ಯುವ ಆಲಿಕೆ ಬೇಕೆಂಬ ನೆಪ ಮಾಡಿಕೊಂಡು ರಸ್ತೆ ದಾಟಿದ. ತನ್ನ ಗ್ಯಾರೇಜಿನಲ್ಲಿ ನಾಲ್ಕು ಆಲಿಕೆ ನೇತಾಡುತ್ತಿದ್ದವು. ಪಿಕಪ್ಪಿನ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸಿದ್ದಳು. ನಾದಿನಿ ಕೈ ಒರೆಸಿಕೊಳ್ಳುತ್ತಾ ಎದ್ದು ಬಂದಳು.

"ಒಳ್ಳೇ ಹೊತ್ತಿಗೆ ಬಂದ್ರಿ ಭಾವ. ಮುಂದಿನದ್ದು ಮುಗೀತು, ಟ್ರಾನ್ಸ್‌ಫರ್ ಕೇಸಿಗೂ ಹಾಕಿದೆ. ಹಿಂದಿನದು ನೀವು ಕೂರಿಸಿದ್ದಂತೆ, ಡಾಕ್ಟ್ರು ಹೇಳಿದ್ರು. ಅದಕ್ಕೆ ಏನಾದ್ರೂ ಬೇರೆ ಹಾಕ್ಬೇಕಾ?"

ಇಷ್ಟು ನೇರವಾಗಿ ಕೇಳುತ್ತಾಳೆಂದು ಅವನು ಎಣಿಸಿರಲಿಲ್ಲ. ಹೇಳಲು ಒಂದೇ ಮಾತು ಸಾಕಿತ್ತು. ಆದರೆ ಅದನ್ನು ಹೇಳಿದರೆ ಡಾಕ್ಟರಮ್ಮನ ಗಾಡಿ ಇಲ್ಲಿಂದಲೇ ಸರಿಯಾಗಿ ಹೊರಡುತ್ತದೆ, ಮತ್ತೆಂದೂ ತನ್ನ ಬಾಗಿಲು ತುಳಿಯುವುದಿಲ್ಲ.

"ಬೇರೆ ಏನಿರತ್ತೆ? ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಾಕು."

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. "ಸರಿ ಭಾವ" ಎಂದಳು. ಅವನು ಆಲಿಕೆ ಹಿಡಿದುಕೊಂಡು ವಾಪಸು ಬಂದ.

ಊಟಕ್ಕೆ ಕೂತ. ಇದರಿಂದ ಯಾರ ಪ್ರಾಣವೂ ಹೋಗುವುದಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಲ್ಕು ದಿನ ನರಳಿದರೆ ಪ್ಲೇಟು ಸುಡುವುದಿಲ್ಲ, ಅಷ್ಟರಲ್ಲಿ ತಾನೇ ಸರಿಮಾಡುತ್ತೇನೆ. ಈಗಲೂ ಎದ್ದು ಹೋಗಿ ಹೇಳಬಹುದು ಎಂದೂ ಅನ್ನಿಸಿತು. ಅಷ್ಟರಲ್ಲಿ ಹೆಂಡತಿ, "ಡಾಕ್ಟರಮ್ಮನ ಗಾಡೀನೂ ತಂಗಿ ಹತ್ರಾನೇ ಬಂದಿದ್ಯಂತೆ, ಅಲ್ವಾ?" ಎಂದು ಖುಷಿಯಿಂದ ಕೇಳಿದಳು. ಅವನು ತಟ್ಟೆ ಸರಿಸಿ ಎದ್ದ. ಹೇಳುವ ಮನಸ್ಸು ಅಲ್ಲಿಗೆ ಸತ್ತಿತು.

ಮರುದಿನ ಬೆಳಿಗ್ಗೆ ಪಿಕಪ್ಪು ಹೊರಟಿತು. ಮೇಸ್ತ್ರಿ ಕೈಯಲ್ಲಿದ್ದ ಕೆಲಸ ಬಿಟ್ಟು, ಮೈಯೆಲ್ಲ ಕಿವಿಯಾಗಿ ಬಾಗಿಲಲ್ಲಿ ನಿಂತ. ಬೀದಿಯ ಕೊನೆಯಲ್ಲಿ ಸ್ಟೀರಿಂಗ್ ಪೂರ್ತಿ ತಿರುವಿ ಗಾಡಿಯನ್ನು ಹೊರಳಿಸಬೇಕು, ನರಳಿದರೆ ಅಲ್ಲೇ ನರಳಬೇಕು. ಪಿಕಪ್ಪು ತಿರುಗಿತು. ಸದ್ದಿಲ್ಲ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿ, ಇವನ ಕಡೆಗೇ ಬಂದು ನಿಂತಿತು.

ಡಾಕ್ಟರಮ್ಮ ಕಿಟಕಿಯಿಂದ ತಲೆ ಹೊರಹಾಕಿದರು. "ಮೇಸ್ತ್ರಿಗಳೇ, ನಿಮಗೊಂದು ಮಾತು ಹೇಳಿ ಹೋಗೋಣ ಅಂತ ಬಂದೆ. ನಿಮ್ಮ ಕೆಲಸದ ಮಧ್ಯೆ ಎಣ್ಣೆ ಬದಲಾಯಿಸೋದಕ್ಕೆಲ್ಲ ಯಾಕೆ ತೊಂದ್ರೆ ಕೊಡೋದು ಅಂತ ಅಲ್ಲಿಗೆ ಹೋದೆ, ತಪ್ಪು ತಿಳ್ಕೋಬೇಡಿ. ಹಿಂದಿನದಕ್ಕೆ ಬೇರೆ ಎಣ್ಣೇನೇ ಬೇಕು ಅಂತ ನೀವೇ ಹೋಗಿ ಹೇಳಿದ್ರಂತೆ. ಭಾವ ಹೇಳದೇ ಇದ್ದಿದ್ರೆ ನಾನು ಮಾಮೂಲಿದನ್ನೇ ಸುರೀತಿದ್ದೆ ಅಂದ್ರು ನಿಮ್ಮ ನಾದಿನಿ. ಇನ್ನೊಬ್ಬರಾಗಿದ್ರೆ ಸುಮ್ನೆ ತಮಾಷೆ ನೋಡ್ತಿದ್ರು."

ಮೇಸ್ತ್ರಿ "ಹ್ಞೂ" ಎಂದ.

ಗಾಡಿ ಮರೆಯಾದ ಮೇಲೆ ರಸ್ತೆ ದಾಟಿದ. ಈ ಸಲ ನೆಪ ಹುಡುಕಲಿಲ್ಲ.

"ಅವರಿಗೆ ಯಾಕೆ ಹಂಗೆ ಹೇಳ್ದೆ?"

ನಾದಿನಿ ಡಬ್ಬಿಗಳ ಧೂಳು ಒರೆಸುತ್ತಿದ್ದಳು. "ಮತ್ತೆ ಏನಂತ ಹೇಳ್ಬೇಕಿತ್ತು ಭಾವ?"

"ನಿನಗೆ ಹೆಂಗೆ ಗೊತ್ತಾಯ್ತು?"

"ಎರಡೂ ಚಕ್ರ ಎತ್ತಿ, ಒಂದನ್ನ ಕೈಯಲ್ಲಿ ತಿರುಗಿಸಿದೆ. ಮಾಮೂಲಿದಾದ್ರೆ ಇನ್ನೊಂದು ಉಲ್ಟಾ ತಿರುಗ್ಬೇಕು. ಇದು ಜೊತೇಲೇ ತಿರುಗ್ತು. ನೀವು ಬರೋದಕ್ಕೆ ಮುಂಚೇನೇ ನೋಡಿದ್ದೆ."

"ಗೊತ್ತಿದ್ದೂ ನನ್ನನ್ನ ಯಾಕೆ ಕೇಳ್ದೆ?"

"ನೀವು ಕೂರಿಸಿದ್ದಲ್ವಾ. ನಿಮ್ಮ ಬಾಯಿಂದಾನೇ ಕೇಳೋಣ ಅಂತಿತ್ತು."

ಆ ಮಾತಿನಲ್ಲಿ ಅವನು ಚುಚ್ಚು ಹುಡುಕಿದ. ಸಿಕ್ಕಿದ್ದರೆ ನಾಲ್ಕು ಮಾತು ಜಗಳವಾಡಿ ಮನೆಗೆ ಹೋಗಬಹುದಿತ್ತು. ಸಿಗಲಿಲ್ಲ. ಅವಳ ಎಣ್ಣೆಯ ಮೇಲೆ, ಅಂಗಡಿಯ ಮೇಲೆ ಇದ್ದ ಹೊಟ್ಟೆಕಿಚ್ಚು ಈಗ ಅವಳ ದೊಡ್ಡ ಮನಸ್ಸಿನ ಮೇಲೂ ಹೊತ್ತಿಕೊಂಡಿತು. ತನ್ನ ಮಾನ ಉಳಿಸಿದವಳ ಮುಂದೆ ನಿಂತು ಉರಿಯುವುದಕ್ಕಿಂತ ಕಷ್ಟ ಇನ್ನೊಂದಿಲ್ಲ.

ಅಷ್ಟರಲ್ಲಿ ತರಕಾರಿ ಸಾಗಿಸುವವನೊಬ್ಬ ಪಿಕಪ್ಪು ತಂದು ನಿಲ್ಲಿಸಿ, ಹಿಂದಿನ ಡಿಫರೆನ್ಶಿಯಲ್ಲಿನ ಎಣ್ಣೆ ಬದಲಾಯಿಸಬೇಕು ಎಂದ. ಮೇಸ್ತ್ರಿಗೆ ಆ ಗಾಡಿಯೂ ಗೊತ್ತು.

"ಭಾವ, ಇದಕ್ಕೆ ಯಾವುದು?" ನಾದಿನಿ ಎಂದಿನಂತೆಯೇ ಕೇಳಿದಳು.

"ಇದು ಮಾಮೂಲೀದೇ. ತೊಂಬತ್ತು ನಂಬರ್ ಹಾಕಿದ್ರೆ ಸಾಕು," ಎಂದ ಮೇಸ್ತ್ರಿ. ಅಪ್ಪಟ ನಿಜವನ್ನೇ ಹೇಳಿದ್ದ.

"ಸರಿ ಭಾವ" ಎಂದಳು. ಆಮೇಲೆ ಜಾಕ್ ಎಳೆದುಕೊಂಡು ಹೋಗಿ ಹಿಂದಿನ ಎರಡೂ ಚಕ್ರ ಎತ್ತಿ, ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿದಳು.