ಬಾಣಂತಿಗೆ ಬೇರೆ ಪಾತ್ರೆ

ಸುಬ್ಬಮ್ಮ ದೊಡ್ಡತ್ತೆ ಕೊಣನೂರಿನಿಂದ ಬಂದಾಗಿನಿಂದ ನನ್ನ ಕಾಫಿಯ ರುಚಿಯೇ ಬೇರೆ. ನನ್ನ ಅತ್ತೆಯ ಅಕ್ಕ, ಎಂಬತ್ತು ದಾಟಿದವರು. ಬಾಣಂತನ ಮಾಡಲೆಂದು ಹಾಸನಕ್ಕೆ ಬಂದು ಕೂತಿದ್ದಾರೆ. ಅಡುಗೆಮನೆಗೆ ನನ್ನನ್ನು ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ಮಗು ಅನುಶ್ರೀಯನ್ನು ಹೆಗಲಿಗೆ ಹಾಕಿಕೊಂಡು ಇಣುಕಿದರೆ ಒಲೆಯ ಮೇಲೆ ಎರಡು ಪಾತ್ರೆ. ಒಂದು ಮನೆಯವರಿಗೆ, ಒಂದು ನನಗೆ. ನನ್ನದಕ್ಕೆ ಬೀಳುತ್ತಿದ್ದ ಪುಡಿ, ಸೆರಗಿನ ಮರೆಯಲ್ಲಿದ್ದ ಇನ್ನೊಂದು ಡಬ್ಬಿಯದು.

ನಾನು ಕುಡಿದದ್ದು ಮಗುವಿಗೂ ಹೋಗುತ್ತದೆ. ಎರಡು ದಿನದಿಂದ ಅವಳು ಕಾಲು ಮಡಚಿಕೊಂಡು ಅಳುತ್ತಿದ್ದಾಳೆ ಬೇರೆ. ಗಂಡ ಕೀರ್ತಿರಾಜ್‌ಗೆ ಹೇಳಿದರೆ, ದೊಡ್ಡಮ್ಮ ಅಂಥವರಲ್ಲ ಎಂದು ಹಲ್ಲುಜ್ಜಲು ಹೋದರು. ಲೋಟ ಬಂದಾಗ ಮುಟ್ಟದೆ ಕೇಳಿದೆ.

"ದೊಡ್ಡತ್ತೆ, ಇದ್ರಲ್ಲಿ ಏನು ಹಾಕಿದ್ದೀರಿ?"

"ಕೊತ್ತಂಬ್ರಿ ಬೀಜ, ಚೂರು ಮೆಂತ್ಯ, ಉರಿದು ಪುಡಿ ಮಾಡಿದ್ದು. ಕಾಪಿಪುಡಿ ಒಂದು ಚಿಟಿಕೆ ಅಷ್ಟೇಯ. ಏಳಿದ್ರೆ ನೀನು ಕುಡೀತಿರ್ಲಿಲ್ಲ ಕಣವ್ವ."

ನನ್ನ ಮುಖ ನೋಡಿ ಅವರು ಅಲ್ಲೇ ಕುಳಿತು ಹಳೆಯದನ್ನು ಹೇಳಿದರು. ಅವರ ಅವ್ವ ಹಾಸನದ ಸಂತೆಯ ಬದಿಯಲ್ಲಿ ಕಾಫಿ ಕಾಯಿಸಿ ಮಾರುತ್ತಿದ್ದ ಕಾಲ. ಹಳ್ಳಿಯಿಂದ ಬರುವವರಿಗೆ ಕಾಫಿ ಇನ್ನೂ ಹೊಸದು. ಕಪ್ಪು ನೀರಿಗೆ ಮದ್ದು ಹಾಕಿರುತ್ತಾರೆ, ಒಮ್ಮೆ ಕುಡಿದವನು ಮತ್ತೆ ಬಂದೇ ಬರಬೇಕು ಎಂಬ ಗುಮಾನಿ. ಅದಕ್ಕೆ ಅವ್ವ ಆರು ವರ್ಷದ ಸುಬ್ಬಿಯನ್ನು ಎದುರಿಗೆ ಕೂರಿಸಿ ಮೊದಲ ಲೋಟ ಅವಳಿಗೇ ಕುಡಿಸುತ್ತಿದ್ದಳಂತೆ. ಹೆತ್ತ ಮಗಳಿಗೆ ಯಾರಾದರೂ ವಿಷ ಹಾಕುತ್ತಾರೆಯೇ ಎಂದುಕೊಂಡು ಜನ ಬೆಂಚಿಗೆ ಬರುತ್ತಿದ್ದರು.

ಕಾಫಿ ಕುಡಿದು ಕುಡಿದು ಹುಡುಗಿಯ ನಿದ್ದೆ ಕೆಟ್ಟಿತು. ಅವ್ವ ಅವಳಿಗೆಂದೇ ಕೊತ್ತಂಬರಿ ಕಾಫಿಯ ಬೇರೆ ಪಾತ್ರೆ ಇಟ್ಟಳು. ಒಂದು ಸಂತೆಯಲ್ಲಿ ಯಾರೋ ಒಬ್ಬ ಅದನ್ನು ಕಂಡ.

"ಮಗೀಗೊಂದು ಪಾತ್ರೆ, ನಮ್ಗೊಂದು ಪಾತ್ರೆ, ಯಾಕಮ್ಮಿ?"

ಬೆಂಚು ಖಾಲಿಯಾಯಿತು. ಅವ್ವ ಎಷ್ಟು ಆಣೆ ಇಟ್ಟರೂ ಯಾರೂ ನಂಬಲಿಲ್ಲ. ಮುಂದಿನ ಸಂತೆಯಿಂದ ಪಾತ್ರೆ ಒಂದೇ. ಮದುವೆಯಾಗುವವರೆಗೂ ದೊಡ್ಡತ್ತೆ ಬಂದವರ ಕಣ್ಣೆದುರು ಗಟ್ಟಿ ಕಾಫಿ ಕುಡಿದರು. ಈಗ ಅದರ ವಾಸನೆ ಬಂದರೂ ಅವರಿಗೆ ಹೊಟ್ಟೆ ತೊಳಸುತ್ತದಂತೆ.

ಕೇಳುತ್ತಾ ನನ್ನ ಕಣ್ಣು ತುಂಬಿತು. ಆದರೂ ಲೋಟದಲ್ಲಿದ್ದುದರಲ್ಲಿ ಅರ್ಧವನ್ನು ಇನ್ನೊಂದಕ್ಕೆ ಬಗ್ಗಿಸಿ ಅವರ ಮುಂದಿಟ್ಟೆ.

ದೊಡ್ಡತ್ತೆ ನನ್ನನ್ನೇ ನೋಡಿದರು. "ಸಂತೆಯೋರ್‌ನೂ ಮೀರಿಸ್ಬುಟ್ಟೆ ಕಣ್ ಮಗ" ಎಂದು ಮೂಗು ಹಿಡಿದು ಕುಡಿದರು.

ಅವರ ಗಂಟಲಲ್ಲಿ ಅದು ಇಳಿಯುವುದನ್ನು ನೋಡಿದ ಮೇಲೆ ನನ್ನ ಪಾಲು ಕುಡಿದೆ. ಡಬ್ಬಿಯನ್ನು ಮಾತ್ರ ನನ್ನ ಬೀರುವಿನಲ್ಲಿ ಇಟ್ಟುಕೊಂಡಿದ್ದೇನೆ. ಶುಕ್ರವಾರ ಮಗುವಿನ ಚುಚ್ಚುಮದ್ದಿಗೆ ಹೋದಾಗ ಡಾಕ್ಟರಿಗೆ ತೋರಿಸಬೇಕು.