ಮುಂದಿನ ಆದೇಶದವರೆಗೆ

ಮೇಷ್ಟರ ಬಿಳಿ ಅಂಗಿಯ ಜೇಬಿನ ತಳದಲ್ಲಿ ಯಾವಾಗಲೂ ಒಂದು ನೀಲಿ ಕಲೆ ಇರುತ್ತಿತ್ತು. ಅಂಗಿ ಬದಲಾದರೂ ಕಲೆ ಹೋಗುತ್ತಿರಲಿಲ್ಲ. ಜೇಬಿನಲ್ಲಿ ನಾಲ್ಕು ಪೆನ್ನು, ಅವುಗಳಲ್ಲಿ ಒಂದಾದರೂ ಸೋರುವಂಥದ್ದೇ. ಒಬ್ಬರಿಗೆ ನಾಲ್ಕು ಪೆನ್ನು ಯಾಕೆಂದರೆ, ಮೂರು ಪರರಿಗೆ. ಹೊಸನಗರದ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಯಾರಾದರೂ ಹೆಬ್ಬೆಟ್ಟು ಒತ್ತಲು ಸ್ಟಾಂಪ್ ಪ್ಯಾಡಿನ ಕಡೆ ಕೈ ಚಾಚಿದರೆ ಸಾಕು, ಇವರು ನಡುವೆ ನುಗ್ಗಿ, "ಮೊದಲ ಅಕ್ಷರ ಒಂದಾದ್ರೂ ಬರೀರಿ, ನಾ ಹೇಳ್ಕೊಡ್ತೀನಿ" ಎಂದು ಪೆನ್ನು ಹಿಡಿಸುತ್ತಿದ್ದರು. ಹಿಂದೆ ಸಾಲಿನಲ್ಲಿ ನಿಂತವರು ಬೈಯುತ್ತಿದ್ದರು. ಮೇಷ್ಟರಿಗೆ ಅದು ಕೇಳಿಸುತ್ತಲೇ ಇರಲಿಲ್ಲ.

ನಮ್ಮೂರ ಶಾಲೆಗೆ ಅವರೊಬ್ಬರೇ ಮೇಷ್ಟರು. ಊರೆಂದರೆ ಹೊಸನಗರ ತಾಲೂಕಿನ ಕಾಡಂಚಿನ ಒಂದು ಕಾಲೊನಿ, ಮೂವತ್ತು ಚಿಲ್ಲರೆ ಮನೆ. ಶರಾವತಿಗೆ ಅಣೆಕಟ್ಟು ಕಟ್ಟಿದಾಗ ಮುಳುಗಿದ ಒಂದು ಹಳ್ಳಿಯ ಗೇಣಿದಾರರನ್ನು ಲಾರಿಯಲ್ಲಿ ತಂದು ಇಳಿಸಿ ಹೋದ ಜಾಗ ಅದು. ನಾನು ಹುಟ್ಟಿದ್ದು ಅಲ್ಲಿ. ಮುಳುಗಿದ ಊರನ್ನು ನಾನು ಕಂಡದ್ದು ಮೇಷ್ಟರ ಭೂಗೋಳದ ಪಾಠದಲ್ಲಿ.

ಶಾಲೆಯ ಗೋಡೆಯ ನಕ್ಷೆಯಲ್ಲಿ ಹಿನ್ನೀರು ಬರೀ ನೀಲಿ. ಮೇಷ್ಟರು ಅದರ ಮೇಲೆ ಕೆಂಪು ಮಸಿಯಲ್ಲಿ ಚುಕ್ಕೆಗಳನ್ನಿಟ್ಟು ಒಂದೊಂದಕ್ಕೂ ಹೆಸರು ಬರೆದಿದ್ದರು. ನಕ್ಷೆಗೆ ದಡಾರ ಎದ್ದಂತೆ ಕಾಣುತ್ತಿತ್ತು. ಈ ಚುಕ್ಕೆಯಿಂದ ಸಾಗರಕ್ಕೆ ಗಾಡಿದಾರಿ ಹೇಗಿತ್ತು, ಆ ಚುಕ್ಕೆಯಲ್ಲಿ ಒಡೆಯರು ಯಾರು, ಗೇಣಿಗೆ ಉತ್ತವರು ಯಾರು, ಎಲ್ಲ ಬಾಯಿಪಾಠ. ತಪಾಸಣೆಗೆ ಬಂದ ಸಾಹೇಬರೊಬ್ಬರು ಸರ್ಕಾರಿ ನಕ್ಷೆ ಹಾಳು ಮಾಡಿದ್ದೀರಿ ಎಂದು ಗದರಿದಾಗ, "ಹಾಳು ಮಾಡಿದ್ದಲ್ಲ ಸಾರ್, ಬಿಟ್ಟುಹೋಗಿದ್ದನ್ನ ತುಂಬಿದ್ದು" ಎಂದು ಕೈಕಟ್ಟಿ ನಿಂತಿದ್ದರು. ಒಂದು ಬೇಸಿಗೆಯಲ್ಲಿ ನೀರು ತೀರ ಇಳಿದಾಗ ನಮ್ಮನ್ನು ಬಸ್ಸು ಹತ್ತಿಸಿ ಕರೆದೊಯ್ದು, ಒಣಗಿ ಬಿರಿದ ಕೆಸರಿನಲ್ಲಿ ನಡೆಸಿ, ಒಂದು ಕಲ್ಲಿನ ಬಾವಿಕಟ್ಟೆ ತೋರಿಸಿ, ನನ್ನ ಕಡೆ ತಿರುಗಿ, "ಇದು ನಿನ್ನ ಅಜ್ಜನ ಬಾವಿ" ಎಂದರು.

ಮನೆಗೆ ಓಡಿಬಂದು ಅಜ್ಜಿಗೆ ಹೇಳಿದೆ. ಅಜ್ಜಿ ಅಕ್ಕಿ ಕೇರುತ್ತಿದ್ದಳು.

"ಬಾವಿ ತೋರ್ಸಿದ್ರಾ? ಅದು ನೀರಿಗೆ ಹೋಗ್ಲಿ ಅಂತ ಹೆಬ್ಬೆಟ್ಟು ಒತ್ತಿಸಿದ್ದೂ ತಾನೇ ಅಂತ ಹೇಳಿದ್ರಾ?"

ಅವತ್ತು ಎಲ್ಲ ಗೊತ್ತಾಯಿತು. ನೀರು ನಿಲ್ಲುವ ಮೊದಲು ಅಧಿಕಾರಿಗಳು ಒಂದು ಕಾಗದ ತಂದಿದ್ದರಂತೆ. ಊರಿನಲ್ಲಿ ಓದು ಬಲ್ಲವರು ಒಬ್ಬರೂ ಇಲ್ಲ. ಕೋಣಂದೂರು ಕಡೆಯಿಂದ ಆಗಷ್ಟೇ ಕೆಲಸಕ್ಕೆ ಬಂದಿದ್ದ ಈ ಮೇಷ್ಟರು, ಇನ್ನೂ ಮೀಸೆ ಸರಿಯಾಗಿ ಬಾರದವರು, ಕಟ್ಟೆಯ ಮೇಲೆ ನಿಂತು ಓದಿದರು. ಇಂಥ ಕಡೆ ಜಾಗ ಕೊಡಲಾಗುವುದು, ಅಲ್ಲಿ ವಾಸ ಮಾಡಿಕೊಂಡು ಸಾಗುವಳಿ ಮಾಡಬಹುದು, ಮುಂದಿನ ಆದೇಶದವರೆಗೆ.

"ಅದೆಂತ ಮೇಷ್ಟ್ರೇ, ಮುಂದಿನ ಆದೇಶ ಅಂದ್ರೆ?" ಎಂದು ನನ್ನ ಅಜ್ಜ ಕೇಳಿದರಂತೆ.

"ಸರ್ಕಾರಿ ಕಾಗದದಲ್ಲಿ ಹಾಗೆ ಬರಿಯೋದು ರೂಢಿ. ಅದಕ್ಕೇನೂ ಅರ್ಥ ಇಲ್ಲ. ಧೈರ್ಯವಾಗಿ ಒತ್ತಿ."

ಎಲ್ಲರೂ ಒತ್ತಿದರು. ಹೆಂಗಸರನ್ನೂ ಕರೆದು ಒತ್ತಿಸಿದರು. ಆಮೇಲೆ ಪಟ್ಟಾ ಬರಲಿಲ್ಲ, ಬಂದದ್ದು ಒತ್ತುವರಿ ಎಂಬ ನೋಟೀಸು. ನಮ್ಮ ಮನೆ, ನಮ್ಮ ಗದ್ದೆ, ನಾವು ಒತ್ತುವರಿದಾರರು. ಇವತ್ತಿಗೂ ಹಾಗೇ ಇದೆ. ಕಾಡಿಂದ ಒಂದು ಹೊರೆ ಸುಡುಗಾಡು ಸೌದೆ ತಂದರೂ ಫಾರೆಸ್ಟ್ ಗಾರ್ಡಿನ ಮುಂದೆ ಕೈಮುಗಿದು ನಿಲ್ಲಬೇಕು.

ಮೇಷ್ಟರು ತಾವಾಗಿ ಕೇಳಿಕೊಂಡು ಕಾಲೊನಿಯ ಶಾಲೆಗೆ ವರ್ಗ ಮಾಡಿಸಿಕೊಂಡರು, ಕೋಣಂದೂರಿಗೆ ತಿರುಗಿ ಹೋಗಲಿಲ್ಲ. ಸಂಜೆ ಹೊತ್ತು ಸ್ಲೇಟು ಹಿಡಿದು ಮನೆಮನೆಗೆ ಬಂದು ದೊಡ್ಡವರಿಗೆ ಸಹಿ ಕಲಿಸಿದರು. ಕೆಲವರು ಕಲಿತರು. ನನ್ನಪ್ಪ ನನ್ನನ್ನು ಶಾಲೆಗೆ ಕಳಿಸಿದ, ಆದರೆ ತಾನು ಅವರ ಜೊತೆ ಮಾತಾಡಲಿಲ್ಲ. ಅಜ್ಜಿಯದು ಇನ್ನೊಂದು ಬಗೆ. ವರ್ಷಕ್ಕೊಮ್ಮೆ ಅವರು ನಮ್ಮ ಜಗಲಿಗೆ ಬಂದು ಸ್ಲೇಟು ಚಾಚಿದರೆ, ಅವಳು ವರ್ಷಕ್ಕೊಮ್ಮೆ ಅದೇ ಮಾತು ಹೇಳುತ್ತಿದ್ದಳು.

"ನಂದೊಂದು ಹೆಬ್ಬೆಟ್ಟು ನಿಮ್ಮ ಹತ್ರ ಉಂಟಲ್ಲ ಮೇಷ್ಟ್ರೇ. ಅದನ್ನ ವಾಪಸ್ ಕೊಡಿ, ಆಮೇಲೆ ಕಲೀತೀನಿ."

ಅವಳು ಅವರಿಗೆ ಒಂದು ಲೋಟ ನೀರು ಕೊಟ್ಟದ್ದನ್ನೂ ನಾನು ನೋಡಲಿಲ್ಲ. ಹೆಬ್ಬೆಟ್ಟಿನವಳಾಗಿಯೇ ಸತ್ತಳು.

ಹತ್ತನೇ ಕ್ಲಾಸು ಪಾಸಾಗಿ ಪೇಡೆ ಕೊಡಲು ಹೋದವಳು ತಡೆಯಲಾರದೆ ಕೇಳಿಬಿಟ್ಟೆ. "ನಿಮ್ಗೆ ಆ ಮಾತಿನ ಅರ್ಥ ಗೊತ್ತಿತ್ತಾ ಇಲ್ವಾ ಮೇಷ್ಟ್ರೇ?"

ಬಾಯಿಗೆ ಒಯ್ದಿದ್ದ ಪೇಡೆಯನ್ನು ಮೇಷ್ಟರು ತಿರುಗಿ ಡಬ್ಬಿಗೆ ಇಟ್ಟರು.

"ಗೊತ್ತಿರ್ಲಿಲ್ಲ. ಊರಿಗೆಲ್ಲ ಓದಿದವ ಅಂತ ಇದ್ದದ್ದು ನಾನೊಬ್ಬ. ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಯ್ತು ಮಾರಾಯ್ತಿ."

ಒಬ್ಬನ ನಾಚಿಕೆಗೆ ಮೂವತ್ತು ಮನೆ! ನನಗೆ ಮೈಯೆಲ್ಲ ಉರಿದುಹೋಯಿತು. ಆ ಸಿಟ್ಟು ಇವತ್ತಿಗೂ ಆರಿಲ್ಲ. ಅವರ ಮೇಲಿನ ಪ್ರೀತಿಯೂ ಹೋಗಲಿಲ್ಲ, ಅದೇ ನನ್ನ ಕರ್ಮ. ಹೊಸನಗರದಲ್ಲಿ ಟೈಪಿಂಗ್ ಮತ್ತು ಜೆರಾಕ್ಸಿನ ಅಂಗಡಿ ಇಟ್ಟು ನಾನು ಊಟ ಮಾಡುತ್ತಿರುವುದು ಅವರು ತಿದ್ದಿಸಿದ ಅಕ್ಷರದಿಂದ.

ಮೊನ್ನೆ ಮೊನ್ನೆ, ಜಾಗ ನಮ್ಮ ಹೆಸರಿಗಾಗಲೆಂದು ಕಾಲೊನಿಯವರು ಹಾಕಿದ ಅರಣ್ಯ ಹಕ್ಕಿನ ಅರ್ಜಿಗೆ ಹಿರಿಯರೊಬ್ಬರ ಹೇಳಿಕೆ ಬೇಕು ಎಂದರು ಕಚೇರಿಯವರು. ನಮ್ಮವರು ಲಾರಿಯಿಂದ ಇಳಿದದ್ದನ್ನು ಕಣ್ಣಾರೆ ಕಂಡವರು ಸಾಕ್ಷಿ ಹೇಳಬೇಕು. ಆಗ ದೊಡ್ಡವರಾಗಿದ್ದವರೆಲ್ಲ ಸತ್ತಿದ್ದರು, ಮೇಷ್ಟರ ಹೊರತು. ಅವರಿಗೂ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು.

"ಮತ್ತೆ ಅವ್ರ ಬಾಯಲ್ಲೇ ಕಾಗದ ಮಾಡ್ಸೋದಾ?" ಎಂದ ಅಪ್ಪ. ಬೇರೆ ದಾರಿ ಇರಲಿಲ್ಲ.

ಆಟೋದಲ್ಲಿ ಕರೆತಂದು ಶಾಲೆಯ ಜಗಲಿಯಲ್ಲಿ ಕೂರಿಸಿದೆವು. ಕಾಲೊನಿಯವರೆಲ್ಲ ಸುತ್ತ ನಿಂತಿದ್ದರು. ಮೇಷ್ಟರು ತೊದಲುತ್ತ, ತಾವು ಕಾಗದ ಓದಿದ್ದು, ಅಜ್ಜ ಅರ್ಥ ಕೇಳಿದ್ದು, ತಾವು ಸುಳ್ಳು ಹೇಳಿದ್ದು, ಒಂದೂ ಬಿಡದೆ ಹೇಳಿದರು. ಬಂದಿದ್ದ ಅಧಿಕಾರಿ, "ಅದೆಲ್ಲ ಬೇಡ ಯಜಮಾನ್ರೇ, ಯಾವಾಗಿಂದ ಇದಾರೆ ಅಷ್ಟೇ ಹೇಳಿ" ಎಂದರು.

"ಬೇಕು ಸಾರ್. ಅದನ್ನೇ ಮೊದ್ಲು ಬರೀರಿ."

ಬರೆದದ್ದಾಯಿತು. ಮೇಷ್ಟರ ಎಡಗೈ ಜೇಬಿನ ಪೆನ್ನು ತೆಗೆಯಿತು. ಎರಡು ಸಲ ಗೀಚಿದರು, ಕೋಳಿ ಕೆದಕಿದ ಹಾಗಾಯಿತೇ ಹೊರತು ಹೆಸರು ಮೂಡಲಿಲ್ಲ. ಅಧಿಕಾರಿ ಸ್ಟಾಂಪ್ ಪ್ಯಾಡು ಮುಂದಕ್ಕೆ ತಳ್ಳಿದರು. ಮೇಷ್ಟರು ಅದನ್ನು ನೋಡಿ, ನನ್ನನ್ನು ನೋಡಿ, "ಬೇಡ ಕಣೇ" ಎಂದರು, ಮಕ್ಕಳು ಇಂಜೆಕ್ಷನ್ನಿಗೆ ಅನ್ನುವಂತೆ. ನಾನೇ ಅವರ ಎಡ ಹೆಬ್ಬೆರಳು ಹಿಡಿದು ಪ್ಯಾಡಿಗೆ ಅದ್ದಿ ಕಾಗದಕ್ಕೆ ಒತ್ತಿದೆ. ಅವರು ಬೆರಳು ಎಳೆದುಕೊಳ್ಳುವಾಗ ಗುರುತು ಒಂದಿಷ್ಟು ಜರುಗಿತು. ಕೆಳಗೆ ಸಾಕ್ಷಿ ಎಂದು ನಾನು ಸಹಿ ಹಾಕಿದೆ.

ಆಗ ಅಪ್ಪ ಎದ್ದುಹೋಗಿ ಒಂದು ಬಟ್ಟೆಚೂರಿಗೆ ಕೊಬ್ಬರಿ ಎಣ್ಣೆ ಹಾಕಿಕೊಂಡು ಬಂದು, ಮೇಷ್ಟರ ಬೆರಳಿನ ಮಸಿ ಒರೆಸಿದ. ಮೇಷ್ಟರು ತಲೆ ಎತ್ತಲಿಲ್ಲ.

ಮುಂದಿನ ತಿಂಗಳು ಅವರು ತೀರಿಕೊಂಡರು. ಕಾಲೊನಿಯ ಗಂಡಸರೇ ಹೊತ್ತರು. ಹನ್ನೊಂದನೇ ದಿನಕ್ಕೆ ಕಚೇರಿಯಿಂದ ಫೋನು ಬಂತು, ಹೋದೆ. ಗುಮಾಸ್ತರು ಫೈಲು ನನ್ನ ಮುಂದೆ ಇಟ್ಟರು.

"ಹೆಬ್ಬೆಟ್ಟು ಸರಿ ಮೂಡಿಲ್ಲಮ್ಮ. ಇನ್ನೊಂದ್ಸಲ ಒತ್ತಿಸ್ಕೊಂಡು ಬನ್ನಿ."

"ಅವ್ರು ತೀರ್ಕೊಂಡ್ರು ಸಾರ್."

"ಹೌದಾ? ಹಾಗಾದ್ರೆ ಪೆಂಡಿಂಗ್ ಇಡೋದೇ. ಮೇಲಿಂದ ಆದೇಶ ಬರ್ಲಿ, ನೋಡೋಣ." ಫೈಲು ಮುಚ್ಚಲು ಹೋದವರು ನನ್ನ ಸಹಿಯ ಮೇಲೆ ಕಣ್ಣಾಡಿಸಿ ನಿಂತರು. "ನಿಮ್ಮ ಅಕ್ಷರ ಮಾತ್ರ ಮುತ್ತಿನ ಹಾಗಿದೆ ನೋಡಿ. ಯಾರು ಕಲಿಸಿದ್ದು?"

ಮಸಕಾದ ಆ ನೀಲಿ ಗುರುತಿನ ಮೇಲೆ ಬೆರಳಿಟ್ಟೆ.

"ಇವ್ರೇ ಸಾರ್."