ಸಾಕ್ಷಿಯಿಲ್ಲದ ಮಬ್ರೂಕ್

ಸ್ಫಾಕ್ಸ್ ಊರಿನ ಕಾರ್ಮಿಕ ಕೋರ್ಟಿನೆದುರು ಚಹಾದಂಗಡಿ ಇಟ್ಟವನಿಗೆ ಮಬ್ರೂಕನಂಥ ದಾವೆದಾರ ಒಬ್ಬ ಸಿಕ್ಕರೆ ಬೇರೆ ಗಿರಾಕಿ ಬೇಕಿಲ್ಲ. ಆಲಿವ್ ಗಾಣಕ್ಕೆ ಎಡಗೈ ಕೊಟ್ಟು ಆರು ವರ್ಷವಾಯಿತು. ಪರಿಹಾರದ ದಾವೆ ಮಾತ್ರ ಇನ್ನೂ ಅಂಬೆಗಾಲಿಡುತ್ತಿದೆ. ವಾಯಿದೆಯ ದಿನ ಮದುವೆಗೆ ಹೊರಟವನಂತೆ ಕೆಂಪು ಉಣ್ಣೆಯ ಟೊಪ್ಪಿ ಇಟ್ಟು, ಕಡತವನ್ನು ಕಂಕುಳಲ್ಲಿ ಅವುಚಿಕೊಂಡು, ಕೋರ್ಟಿನ ಬಾಗಿಲು ತೆರೆಯುವ ಮೊದಲೇ ನನ್ನ ಅಂಗಡಿಗೆ ಬಂದು ಕೂರುತ್ತಾನೆ. ಕೈಗೋ ಕಾಲಿಗೋ ಪಟ್ಟಿ ಸುತ್ತಿಕೊಂಡ ಹೊಸಬ ಕಂಡರೆ ಮುಗಿಯಿತು, ಪುಕ್ಕಟೆ ವಕೀಲಿ ಶುರು: "ಮೊದ್ಲು ಡಾಕ್ಟರ ಚೀಟಿ ಮಾಡಿಸ್ಕೊ ಮಾರಾಯ. ಧಣಿ 'ನೀನು ನನ್ನ ಮಗ ಇದ್ದ ಹಾಗೆ' ಅಂದ್ನೋ, ಅವತ್ತೇ ಕೇಸು ಹಾಕ್ಬಿಡು!" ಇವನ ಧಣಿಯೂ ಹಾಗೆಂದೇ ಆಸ್ಪತ್ರೆಗೆ ಒಂದು ಡಬ್ಬ ಎಣ್ಣೆ ಕಳಿಸಿದ್ದ. ಈಗ ಕೋರ್ಟಿನಲ್ಲಿ, ಈತ ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ, ಸುಮ್ಮನೆ ಗಾಣ ನೋಡಲು ಬಂದಿದ್ದ ಎನ್ನುತ್ತಾನೆ. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ ಆರಕ್ಕೆ ಎದ್ದು ಗಾಣ ನೋಡುವ ಚಪಲ! ಗಾಣಕ್ಕೆ ಕೈ ಸಿಕ್ಕಿದ್ದನ್ನು ಕಂಡವರೊಬ್ಬರು ಸಾಕ್ಷಿ ಹೇಳಿದರೆ ಕೇಸು ಅರ್ಧ ದಿನದ್ದು. "ನೋಡಿದವರು ಯಾರೂ ಇಲ್ವೇನಪ್ಪಾ?" ಎಂದು ನ್ಯಾಯಾಧೀಶರು ಪ್ರತಿಸಲ ಕೇಳುತ್ತಾರೆ, "ಯಾರೂ ಇಲ್ಲ ಸ್ವಾಮಿ" ಎಂದು ಈತ ಇನ್ನೊಂದು ವಾಯಿದೆ ಹೊತ್ತು ಬರುತ್ತಾನೆ. ಕಳೆದ ವಾರ ನಾನೇ ಕೆಣಕಿದೆ: "ಮತ್ತೆ ಗಾಣ ನಿಲ್ಸಿ ನಿನ್ನ ಎಳೆದು ತೆಗೆದದ್ದು ಯಾರೋ, ದೆವ್ವವಾ?" ಮಬ್ರೂಕ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ನನ್ನ ತಮ್ಮ, ಅಣ್ಣಾ. ಇನ್ನೂ ಅದೇ ಗಾಣದಲ್ಲಿದಾನೆ. ಮೂರು ಮಕ್ಕಳು. ನಮ್ಮ ವಕೀಲರ ಕಿವಿಗೆ ಮಾತ್ರ ಹಾಕ್ಬೇಡ, ಅವನನ್ನ ಸಾಕ್ಷಿಗೆ ಕರೆಸಿಬಿಡ್ತಾರೆ."